ಬೆಂಜಮಿನ್ ರಾಬಿನ್ಸ್

ಬೆಂಜಮಿನ್ ರಾಬಿನ್ಸ್ (1707 – ಜುಲೈ 29, 1751) ಇಂಗ್ಲೆಂಡಿನ ಗಣಿತಜ್ಞರು ಹಾಗೂ ಸೈನಿಕ ಎಂಜಿನಿಯರ್. ಬಂದೂಕಿನಿಂದ ಹೊರಟ ಗುಂಡಿನ ವೇಗವನ್ನು ನಂಬಲರ್ಹವಾಗಿ ಅಳೆಯುವ ವಿಧಾನವನ್ನು ಮೊದಲು ರೂಪಿಸಿದವರು ಇವರೇ. ಇದಕ್ಕಾಗಿ ಇವರು ನಿರ್ಮಿಸಿದ ಉಪಕರಣಕ್ಕೆ ಬ್ಯಾಲಿಸ್ಟಿಕ್ ಲೋಲಕ ಎಂದು ಹೆಸರು. ಒಂದು ಬಾರು ಏಕೆ ಬಲವಾಗಿ ಹೊಡೆಯುತ್ತದೆ, ಇನ್ನೊಂದು ಏಕೆ ದುರ್ಬಲವಾಗುತ್ತದೆ ಎಂಬ ಪ್ರಶ್ನೆಯನ್ನು ಊಹೆಯಿಂದ ಬಿಡಿಸಿ ಪ್ರಯೋಗಕ್ಕೆ ಒಳಪಡಿಸಿದ್ದು ಇವರ ಮುಖ್ಯ ಸಾಧನೆ. ಈಸ್ಟ್ ಇಂಡಿಯಾ ಕಂಪನಿಯ ಪ್ರಧಾನ ಎಂಜಿನಿಯರ್ ಆಗಿ ಭಾರತಕ್ಕೆ ಬಂದ ರಾಬಿನ್ಸ್, ಇಂದಿನ ತಮಿಳುನಾಡಿನ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ನಿಧನರಾದರು.

ಜನನ ಮತ್ತು ವಿದ್ಯಾಭ್ಯಾಸ

ರಾಬಿನ್ಸ್ ಇಂಗ್ಲೆಂಡಿನ ಬಾತ್ ನಗರದ ಬಡ ಕ್ವೇಕರ್ ಕುಟುಂಬವೊಂದರಲ್ಲಿ ಜನಿಸಿದರು. ಕ್ವೇಕರರು ಯುದ್ಧವನ್ನು ವಿರೋಧಿಸುವ ಕ್ರೈಸ್ತ ಪಂಥದವರು. ಅಂತಹ ಮನೆಯಲ್ಲಿ ಹುಟ್ಟಿದವರು ಮುಂದೆ ಬಂದೂಕು, ಫಿರಂಗಿಗಳ ಶಾಸ್ತ್ರಕ್ಕೆ ತಳಹದಿ ಹಾಕಿದರು ಎಂಬುದು ಗಮನಾರ್ಹ. ತಂದೆ ದರ್ಜಿಯಾಗಿದ್ದರು. ಬಾಲ್ಯದಲ್ಲೇ ಗಣಿತದಲ್ಲಿ ತೋರಿದ ಪ್ರತಿಭೆಯಿಂದಾಗಿ ರಾಬಿನ್ಸ್ ಲಂಡನ್ನಿಗೆ ತೆರಳಿದರು. ಅಲ್ಲಿ ನ್ಯೂಟನ್ನರ ನಿಕಟವರ್ತಿಯಾಗಿದ್ದ ಹೆನ್ರಿ ಪೆಂಬರ್ಟನ್ ಅವರ ಮಾರ್ಗದರ್ಶನ ದೊರೆಯಿತು. 1727ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಬಳಿಕ ಲಂಡನ್ನಿನಲ್ಲಿ ಗಣಿತವನ್ನು ಬೋಧಿಸಿ ಜೀವನ ಸಾಗಿಸಿದರು. ನ್ಯೂಟನ್ನರ ಕಲನಶಾಸ್ತ್ರವನ್ನು ಬಿಷಪ್ ಬರ್ಕ್ಲಿ ಟೀಕಿಸಿದಾಗ, ಅದರ ಸಮರ್ಥನೆಗಾಗಿ 1735ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು.

ವೂಲಿಚ್‌ನಲ್ಲಿ ಹೊಸದಾಗಿ ಸ್ಥಾಪನೆಯಾದ ರಾಯಲ್ ಮಿಲಿಟರಿ ಅಕಾಡೆಮಿಯಲ್ಲಿ ಪ್ರಾಧ್ಯಾಪಕ ಹುದ್ದೆಯನ್ನು ರಾಬಿನ್ಸ್ ಬಯಸಿದ್ದರು. ಅದು ಜಾನ್ ಮುಲ್ಲರ್ ಎಂಬವರಿಗೆ ದೊರೆಯಿತು. ಆ ಹುದ್ದೆಗಾಗಿ ನಡೆಸಿದ ಅಧ್ಯಯನ ವ್ಯರ್ಥವಾಗಲಿಲ್ಲ. 1742ರಲ್ಲಿ ಅದು ನ್ಯೂ ಪ್ರಿನ್ಸಿಪಲ್ಸ್ ಆಫ್ ಗನರಿ ಎಂಬ ಗ್ರಂಥವಾಗಿ ಹೊರಬಂದಿತು.

ಬ್ಯಾಲಿಸ್ಟಿಕ್ ಲೋಲಕ

ರಾಬಿನ್ಸ್ ಅವರಿಗಿಂತ ಮೊದಲು ಗುಂಡಿನ ವೇಗವನ್ನು ಅದು ಎಷ್ಟು ದೂರ ಹೋಗಿ ಬಿತ್ತು ಎಂಬುದರಿಂದ ಊಹಿಸುತ್ತಿದ್ದರು. ಕಣ್ಣಿಗೆ ಕಾಣದಷ್ಟು ವೇಗವಾಗಿ ಹೋಗುವ ವಸ್ತುವನ್ನು ನೇರವಾಗಿ ಅಳೆಯಲು ಆಗ ಸಾಧನಗಳಿರಲಿಲ್ಲ. ರಾಬಿನ್ಸ್ ಕಂಡುಕೊಂಡ ಉಪಾಯ ಸರಳವಾದುದು. ಸುಮಾರು 56 ಪೌಂಡ್ (25 ಕಿಲೋಗ್ರಾಂ) ತೂಕದ, ಮುಂಭಾಗದಲ್ಲಿ ಮರದ ದಿಮ್ಮಿಯಿರುವ ಕಬ್ಬಿಣದ ಲೋಲಕವನ್ನು ಅವರು ತೂಗುಹಾಕಿದರು. ಗುಂಡು ಮರದಲ್ಲಿ ನಾಟಿಕೊಂಡಾಗ ಲೋಲಕವು ನಿಧಾನವಾಗಿ ಹಿಂದಕ್ಕೆ ತೂಗುತ್ತಿತ್ತು. ಎಷ್ಟು ತೂಗಿತು ಎಂಬುದನ್ನು ಅದಕ್ಕೆ ಕಟ್ಟಿದ ಪಟ್ಟಿಯು ತೋರಿಸುತ್ತಿತ್ತು.

ಇದರ ಹಿಂದಿರುವುದು ಸಂವೇಗ ಸಂರಕ್ಷಣೆಯ ನಿಯಮ. ಒಂದು ಸರಳ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಗುಂಡು ನಾಟಿದ ಲೋಲಕದ ಒಟ್ಟು ತೂಕ ಗುಂಡಿನ ತೂಕದ 600 ಪಟ್ಟು ಇದ್ದು, ಪೆಟ್ಟಿನ ನಂತರ ಅದು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಚಲಿಸಿದರೆ, ಬಡಿದ ಗುಂಡಿನ ವೇಗ ಸೆಕೆಂಡಿಗೆ 600 ಮೀಟರ್ ಎಂದಾಗುತ್ತದೆ. ಹೀಗೆ ಅಳೆಯಲಾಗದ ದೊಡ್ಡ ವೇಗವೊಂದು ಅಳೆಯಬಹುದಾದ ಸಣ್ಣ ವೇಗವಾಗಿ ಪರಿವರ್ತನೆ ಹೊಂದಿತು.

ಗುಂಡಿನ ವೇಗ ಕುಂದಲು ಕಾರಣಗಳು

ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲುಗಳ ಮಿಶ್ರಣವಾದ ಸಿಡಿಮದ್ದು ಉರಿದಾಗ ಅದರ ಗಾತ್ರದ 244 ಪಟ್ಟು ಅನಿಲ ಹುಟ್ಟುತ್ತದೆ. ಉರಿಯ ಬಿಸಿಗೆ ಆ ಅನಿಲದ ಒತ್ತಡವು ವಾತಾವರಣದ ಒತ್ತಡದ ಸುಮಾರು 1000 ಪಟ್ಟು ಆಗುತ್ತದೆ ಎಂದು ರಾಬಿನ್ಸ್ ಲೆಕ್ಕ ಹಾಕಿದರು. ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತು ಮಾತ್ರ ಈ ಒತ್ತಡ ಅದನ್ನು ದೂಡುತ್ತದೆ. ಈ ಸಿದ್ಧಾಂತದಿಂದ ದೊರೆತ ವೇಗವನ್ನು ಅವರು ಲೋಲಕದ ಅಳತೆಯೊಂದಿಗೆ ಹೋಲಿಸಿ ನೋಡಿದರು. ಇವರ ಅಧ್ಯಯನದಲ್ಲಿ ಗುಂಡಿನ ವೇಗವನ್ನು ನಿರ್ಧರಿಸುವ ಅಂಶಗಳಾಗಿ ಕಂಡುಬಂದವು ಇವು:

ಮದ್ದಿನ ಪ್ರಮಾಣ: ಮದ್ದು ಕಡಿಮೆಯಾದರೆ ವೇಗ ಕುಗ್ಗುತ್ತದೆ. ಆದರೆ ಮದ್ದನ್ನು ಇಮ್ಮಡಿಗೊಳಿಸಿದರೆ ವೇಗ ಇಮ್ಮಡಿಯಾಗುವುದಿಲ್ಲ.

ನಳಿಗೆಯ ಉದ್ದ: ನಳಿಗೆ ಗಿಡ್ಡವಾದರೆ ಅನಿಲವು ಪೂರ್ತಿ ಕೆಲಸ ಮಾಡುವ ಮೊದಲೇ ಗುಂಡು ಹೊರಬೀಳುತ್ತದೆ. ಉದ್ದ ಹೆಚ್ಚಿದಂತೆ ವೇಗ ಏರಿದರೂ ಆ ಏರಿಕೆ ಕ್ರಮೇಣ ಅಲ್ಪವಾಗುತ್ತದೆ.

ಗುಂಡು ಮತ್ತು ನಳಿಗೆಯ ನಡುವಿನ ಸಂದು: ಗುಂಡು ಸಡಿಲವಾಗಿದ್ದರೆ ಅನಿಲವು ಪಕ್ಕದಿಂದ ಸೋರಿಹೋಗುತ್ತದೆ.

ಮದ್ದಿನ ತೇವ: ಗಾಳಿಯ ಸಾಂದ್ರತೆಯಲ್ಲಾಗುವ ಬದಲಾವಣೆಯಿಂದ ಮದ್ದಿನ ಬಲ ವ್ಯತ್ಯಾಸವಾಗುವುದಿಲ್ಲ, ಆದರೆ ಗಾಳಿಯ ತೇವವನ್ನು ಹೀರಿದ ಮದ್ದು ಗಣನೀಯವಾಗಿ ಬಲಗುಂದುತ್ತದೆ ಎಂದು ಅವರು ಕಂಡುಕೊಂಡರು.

ಮದ್ದು ಪೂರ್ತಿಯಾಗಿ ಉರಿದ ಮೇಲೆಯೇ ಗುಂಡು ಚಲಿಸತೊಡಗುತ್ತದೆ ಎಂದು ರಾಬಿನ್ಸ್ ಭಾವಿಸಿದ್ದರು. ಮದ್ದು ಕ್ರಮಕ್ರಮವಾಗಿ ಉರಿಯುತ್ತದೆಂದೂ ಒತ್ತಡವು ಅವರ ಲೆಕ್ಕಕ್ಕಿಂತ ಹೆಚ್ಚೆಂದೂ ಮುಂದಿನ ಪ್ರಯೋಗಗಳು ತೋರಿಸಿದವು.

ಗಾಳಿಯ ನಿರೋಧ

ಭಾರವಾದ ಗುಂಡಿಗೆ ತೆಳುವಾದ ಗಾಳಿಯಿಂದ ಹೇಳಿಕೊಳ್ಳುವಂತಹ ಅಡ್ಡಿಯಿಲ್ಲ ಎಂಬುದು ಆ ಕಾಲದ ಫಿರಂಗಿ ತಜ್ಞರ ನಂಬಿಕೆಯಾಗಿತ್ತು. ರಾಬಿನ್ಸ್ ಲೋಲಕವನ್ನು ಬಂದೂಕಿನಿಂದ 25, 75 ಮತ್ತು 125 ಅಡಿ ದೂರದಲ್ಲಿಟ್ಟು ಗುಂಡು ಹಾರಿಸಿದಾಗ ದೊರೆತ ವೇಗಗಳು ಸೆಕೆಂಡಿಗೆ ಸುಮಾರು 1670, 1550 ಮತ್ತು 1425 ಅಡಿಗಳು. ಅಂದರೆ ಕೇವಲ ನೂರು ಅಡಿ ಸಾಗುವಷ್ಟರಲ್ಲಿ ಗುಂಡು ತನ್ನ ವೇಗದ ಏಳನೆಯ ಒಂದು ಭಾಗವನ್ನು ಕಳೆದುಕೊಂಡಿತ್ತು. ಗಾಳಿಯ ಅಡ್ಡಿಯನ್ನು ಲೆಕ್ಕಿಸದಿದ್ದರೆ ಇಂತಹ ಗುಂಡು ಸುಮಾರು 17 ಮೈಲಿ ಹೋಗಬೇಕು. ವಾಸ್ತವದಲ್ಲಿ ಅದು ಅರ್ಧ ಮೈಲಿಯನ್ನೂ ದಾಟುತ್ತಿರಲಿಲ್ಲ. ಶಬ್ದದ ವೇಗವನ್ನು ಸಮೀಪಿಸುವಾಗ ಗಾಳಿಯ ನಿರೋಧ ತೀವ್ರವಾಗಿ ಏರುವುದನ್ನೂ ಅವರು ಗುರುತಿಸಿದರು.

ಗುಂಡು ತಿರುಗುತ್ತ ಸಾಗಿದರೆ ಪಕ್ಕಕ್ಕೆ ವಾಲುತ್ತದೆ ಎಂಬುದನ್ನು ಬಾಗಿದ ನಳಿಗೆಯ ಬಂದೂಕಿನಿಂದ ತೋರಿಸಿದರು. ನಳಿಗೆಯ ಒಳಮೈಯಲ್ಲಿ ಸುರುಳಿ ಗೆರೆಗಳಿರುವ ರೈಫಲ್‌ಗಳ ಮೇಲ್ಮೆಯನ್ನು 1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದರು. ಇದನ್ನು ಮೊದಲು ಅರಿತು ಬಳಸುವ ದೇಶವು ಯುದ್ಧದಲ್ಲಿ ಮೇಲುಗೈ ಪಡೆಯುವುದೆಂದು ಮುನ್ಸೂಚನೆ ನೀಡಿದರು. ಗಾಳಿಯ ನಿರೋಧದ ಪ್ರಯೋಗಗಳಿಗಾಗಿ 1746ರ ಕೋಪ್ಲಿ ಪದಕ ಇವರಿಗೆ ಲಭಿಸಿತು. ಖ್ಯಾತ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇವರ ಗ್ರಂಥವನ್ನು ವಿಸ್ತಾರವಾದ ವ್ಯಾಖ್ಯಾನದೊಂದಿಗೆ 1745ರಲ್ಲಿ ಜರ್ಮನ್ ಭಾಷೆಗೆ ಅನುವಾದಿಸಿದರು.

ಭಾರತದಲ್ಲಿ

1746ರಲ್ಲಿ ಫ್ರೆಂಚರು ಮದರಾಸನ್ನು ವಶಪಡಿಸಿಕೊಂಡಿದ್ದರು. ಒಪ್ಪಂದದ ಬಳಿಕ 1749ರಲ್ಲಿ ಅದು ಕಂಪನಿಗೆ ಮರಳಿತು. ಕೋಟೆಗಳ ದೌರ್ಬಲ್ಯ ಬಯಲಾಗಿದ್ದ ಆ ಸಂದರ್ಭದಲ್ಲಿ ಕಂಪನಿಯು ರಾಬಿನ್ಸ್ ಅವರನ್ನು ಪ್ರಧಾನ ಎಂಜಿನಿಯರ್ ಆಗಿ ನೇಮಿಸಿತು. 1749ರ ಕೊನೆಯಲ್ಲಿ ಇಂಗ್ಲೆಂಡನ್ನು ಬಿಟ್ಟ ಅವರು ಮರುವರ್ಷ ಜುಲೈ ತಿಂಗಳಲ್ಲಿ ಸೇಂಟ್ ಡೇವಿಡ್ ಕೋಟೆಯನ್ನು ತಲುಪಿದರು. ಆ ಕೋಟೆ ಮತ್ತು ಮದರಾಸಿನ ರಕ್ಷಣೆಗೆ ಯೋಜನೆಗಳನ್ನು ಸಿದ್ಧಪಡಿಸಿದರು. ಇಲ್ಲಿನ ಹವೆ ಅವರ ದೇಹಕ್ಕೆ ಒಗ್ಗಲಿಲ್ಲ. ಬಂದ ಕೆಲವೇ ತಿಂಗಳಲ್ಲಿ ಜ್ವರಕ್ಕೆ ತುತ್ತಾಗಿ ಚೇತರಿಸಿಕೊಂಡರೂ, ಮರಳಿ ಕಾಯಿಲೆ ಬಿದ್ದು 1751ರ ಜುಲೈ 29ರಂದು ತೀರಿಕೊಂಡರು. ಅವಿವಾಹಿತರಾಗಿದ್ದ ರಾಬಿನ್ಸ್ ಅವರ ಬರಹಗಳನ್ನು ಜೇಮ್ಸ್ ವಿಲ್ಸನ್ 1761ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು.

ಪ್ರಭಾವ

ರಾಬಿನ್ಸ್ ಅವರ ಲೋಲಕವನ್ನು ಚಾರ್ಲ್ಸ್ ಹಟನ್ ವೂಲಿಚ್‌ನಲ್ಲಿ ಫಿರಂಗಿಗಳ ಅಳತೆಗೆ ವಿಸ್ತರಿಸಿದರು. ಇಂದು ಗುಂಡಿನ ವೇಗವನ್ನು ಕ್ರೋನೋಗ್ರಾಫ್ ಎಂಬ ವಿದ್ಯುನ್ಮಾನ ಸಾಧನ ಅಳೆಯುತ್ತದೆ. ಹಲವು ದೇಶಗಳಲ್ಲಿ ರೈಫಲ್ ಸ್ಪರ್ಧಾಳುಗಳು ಪರವಾನಗಿಯೊಡನೆ ತಮ್ಮ ತೋಟಾಗಳನ್ನು ಕೈಯಿಂದಲೇ ತುಂಬಿಕೊಳ್ಳುತ್ತಾರೆ. ನಿರೀಕ್ಷಿಸಿದ ವೇಗ ಬಾರದಿದ್ದಾಗ ಅವರು ಪರಿಶೀಲಿಸುವುದು ಬಹುಮಟ್ಟಿಗೆ ರಾಬಿನ್ಸ್ ಅವರ ಪಟ್ಟಿಯನ್ನೇ: ಮದ್ದಿನ ತೂಕ, ಅದನ್ನು ಕಾಪಿಟ್ಟ ಬಗೆ, ನಳಿಗೆಯ ಉದ್ದ, ಗುಂಡಿನ ಬಿಗಿ. ಅಳೆಯುವ ಸಾಧನವನ್ನು ನಳಿಗೆಯ ಬಾಯಿಂದ ಎಷ್ಟು ದೂರದಲ್ಲಿ ಇರಿಸಲಾಗಿದೆ ಎಂಬುದೂ ಇದಕ್ಕೆ ಸೇರುತ್ತದೆ. ಕಾರಣವನ್ನು ಹುಡುಕದೆ ಮದ್ದನ್ನು ಮಾತ್ರ ಹೆಚ್ಚಿಸಿದರೆ ಒತ್ತಡ ಮಿತಿಮೀರಿ ಬಂದೂಕೇ ಸಿಡಿಯಬಹುದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ.

ರಾಬಿನ್ಸ್ ಆಕಾಶಬಾಣಗಳು ಏರುವ ಎತ್ತರವನ್ನೂ ಅಳೆದಿದ್ದರು. ಅವರು ಮರಣ ಹೊಂದಿದ ಅರ್ಧ ಶತಮಾನದೊಳಗೆ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಬ್ಬಿಣದ ಕೊಳವೆಯ ರಾಕೆಟ್‌ಗಳು ಕಂಪನಿಯ ಸೇನೆಯನ್ನು ಕಂಗೆಡಿಸಿದವು. ಶ್ರೀರಂಗಪಟ್ಟಣದ ಪತನದ ನಂತರ ವಿಲಿಯಂ ಕಾಂಗ್ರೀವ್ ಅದೇ ವೂಲಿಚ್‌ನಲ್ಲಿ ಅವುಗಳ ಮಾದರಿಯಲ್ಲಿ ರಾಕೆಟ್‌ಗಳನ್ನು ತಯಾರಿಸಿದರು.

ಗಾಳಿಯ ನಿರೋಧವನ್ನು ಅಳೆಯಲು ರಾಬಿನ್ಸ್ ನಿರ್ಮಿಸಿದ ತಿರುಗುತೋಳಿನ ಯಂತ್ರವು ಇಂದಿನ ಗಾಳಿಸುರಂಗದ ಪೂರ್ವರೂಪವೆನಿಸಿದೆ. ಬೆಂಗಳೂರಿನಲ್ಲಿ ದೊಡ್ಡನೆಕ್ಕುಂದಿ, ಮಾರತ್ತಹಳ್ಳಿಗಳ ಕಡೆಯಿಂದ ನಗರಕ್ಕೆ ಬರುವ ಹಳೆಯ ವಿಮಾನ ನಿಲ್ದಾಣ ರಸ್ತೆಯ ಬದಿಯಲ್ಲಿ ವಿಂಡ್ ಟನಲ್ ರಸ್ತೆ ಇದೆ. ಅಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಗಾಳಿಸುರಂಗದಲ್ಲಿ ವಿಮಾನ ಮತ್ತು ರಾಕೆಟ್‌ಗಳ ಮಾದರಿಗಳನ್ನು ಶಬ್ದದ ವೇಗದ ಆಚೀಚೆ ಪರೀಕ್ಷಿಸಲಾಗುತ್ತದೆ. ಆ ವೇಗದ ಬಳಿ ಗಾಳಿಯ ವರ್ತನೆ ಬದಲಾಗುವುದನ್ನು ಮರದ ದಿಮ್ಮಿ ಮತ್ತು ಪಟ್ಟಿಯ ನೆರವಿನಿಂದ ಮೊದಲು ಗುರುತಿಸಿದವರು ರಾಬಿನ್ಸ್.