ರೇಡಿಯೇಟರ್ ತುಂಬ ನೀರಿದ್ದರೂ ಎಂಜಿನ್ ಕುದಿಯುವುದೇಕೆ? ಉತ್ತರಕ್ಕೆ ಮೈಬಾಖ್ ಕಥೆ ಕೇಳಿ

ಬಳ್ಳಾರಿಯ ಬೇಸಿಗೆಯಲ್ಲಿ ಕಾರಿನ ಟೆಂಪರೇಚರ್ ಮುಳ್ಳು ಮೇಲೇರಿದರೆ ಸಿಗುವ ಮೊದಲ ಸಲಹೆ ಒಂದೇ: ನೀರು ಹಾಕಿ, ಸರಿಹೋಗುತ್ತದೆ. ಕಳೆದ ವರ್ಷ ನಾವೂ ಅದನ್ನೇ ನಂಬಿದ್ದೆವು. ಗ್ಯಾರೇಜೊಂದರಲ್ಲಿ ಹೋಸ್ ಬದಲಿಸಿ, ಹೊಸ ಕೂಲೆಂಟ್ ತುಂಬಿಸಿಕೊಂಡು ಕುರುಗೋಡು ಮಾರ್ಗವಾಗಿ ಸಿರುಗುಪ್ಪಕ್ಕೆ ಹೊರಟೆವು. ಕುರುಗೋಡಿನ ಬಂಡೆಬೆಟ್ಟಗಳನ್ನು ದಾಟಿ ಭತ್ತದ ಗದ್ದೆಗಳು ಕಾಣುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಕೂಲೆಂಟ್ ಸೋರಿರಲಿಲ್ಲ. ಒಳಗೆ ಗಾಳಿ ಸಿಕ್ಕಿಹಾಕಿಕೊಂಡಿತ್ತು.

ಇದು ಏಕಾಗುತ್ತದೆ ಎಂದು ತಿಳಿಯಲು ಇಂದಿನ ರೇಡಿಯೇಟರ್‌ನ ಮೂಲಪುರುಷರಲ್ಲೊಬ್ಬನಾದ ವಿಲ್ಹೆಲ್ಮ್ ಮೈಬಾಖ್‌ನ ಬದುಕನ್ನು ನೋಡೋಣ.

ಅನಾಥಾಲಯದಿಂದ ಕಾರ್ಖಾನೆಗೆ

ಮೈಬಾಖ್ ಹುಟ್ಟಿದ್ದು 1846ರಲ್ಲಿ, ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ. ತಂದೆ ಬಡಗಿ. ಹತ್ತನೇ ವಯಸ್ಸಿಗೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗ ರಾಯ್ಟ್‌ಲಿಂಗೆನ್ ಊರಿನ ಒಂದು ಧರ್ಮಸಂಸ್ಥೆಯಲ್ಲಿ ಬೆಳೆದ. ಆ ಸಂಸ್ಥೆಗೆ ತನ್ನದೇ ಯಂತ್ರ ಕಾರ್ಖಾನೆಯಿತ್ತು. ಹುಡುಗ ಅಲ್ಲಿ ನಕ್ಷೆ ಬಿಡಿಸುವುದನ್ನು ಕಲಿತ. ಆ ಕಾರ್ಖಾನೆಯ ಮೇಲ್ವಿಚಾರಣೆಗೆ ಬಂದ ಗಾಟ್‌ಲೀಬ್ ಡೈಮ್ಲರ್ ಅವನ ಕೈಚಳಕ ಗುರುತಿಸಿದ. ಆಮೇಲೆ ಡೈಮ್ಲರ್ ಸಾಯುವವರೆಗೂ ಇಬ್ಬರದೂ ಜೋಡಿ ಕೆಲಸ.

1882ರಲ್ಲಿ ಇಬ್ಬರೂ ಕಾನ್‌ಸ್ಟಾಟ್‌ಗೆ ಬಂದು ಡೈಮ್ಲರ್ ಮನೆಯ ತೋಟದ ಗಾಜಿನ ಕೋಣೆಯಲ್ಲೇ ವರ್ಕ್‌ಶಾಪ್ ಶುರುಮಾಡಿದರು. 1885ರಲ್ಲಿ ಅವರ ಪುಟ್ಟ ಪೆಟ್ರೋಲ್ ಎಂಜಿನ್ ದ್ವಿಚಕ್ರ ವಾಹನವೊಂದನ್ನು ಓಡಿಸಿತು.

ಶಾಖವೇ ಶತ್ರು

ಎಂಜಿನ್‌ನ ಶಕ್ತಿ ಹೆಚ್ಚಿದಂತೆ ಶಾಖವೂ ಹೆಚ್ಚಿತು. ಆಗಿನ ಅನೇಕ ವಾಹನಗಳಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ದಾರಿಯುದ್ದಕ್ಕೂ ತುಂಬುತ್ತಲೇ ಇರಬೇಕಿತ್ತು. 1889ರ ತನ್ನ ಕಾರಿನಲ್ಲಿ ಮೈಬಾಖ್ ಉಕ್ಕಿನ ಚೌಕಟ್ಟಿನ ಕೊಳವೆಗಳೊಳಗೇ ನೀರು ಹರಿಸಿದ. 1897ರಲ್ಲಿ ಕೊಳವೆಗಳ ರೇಡಿಯೇಟರ್ ಬಂತು.

ದೊಡ್ಡ ಜಿಗಿತ ಬಂದದ್ದು 1900ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಡೈಮ್ಲರ್ ತೀರಿಕೊಂಡಿದ್ದ. ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ 35 ಅಶ್ವಶಕ್ತಿಯ ಹೊಸ ಕಾರು ಬೇಕೆಂದು ಪಟ್ಟು ಹಿಡಿದಿದ್ದ. ಆ ಕಾರಿಗೆ ಅವನ ಮಗಳ ಹೆಸರೇ ಬಂತು: ಮರ್ಸಿಡಿಸ್. ಅದಕ್ಕಾಗಿ ಮೈಬಾಖ್ 6 ಮಿಲಿಮೀಟರ್ ಅಗಲದ 8,070 ಚೌಕ ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿದ. ಕೊಳವೆಗಳೊಳಗೆ ಗಾಳಿ, ಅವುಗಳ ನಡುವಿನ ಸಣ್ಣ ಸಂದಿಗಳಲ್ಲಿ ನೀರು. ಮೊದಲಿದ್ದ ನೀರಿನ ಅರ್ಧದಷ್ಟು, ಸುಮಾರು 9 ಲೀಟರ್, ಸಾಕಾಯಿತು. 1901ರಲ್ಲಿ ಫ್ರಾನ್ಸ್‌ನ ನೀಸ್ ಊರಿನ ಸ್ಪರ್ಧೆಗಳಲ್ಲಿ ಈ ಕಾರು ಎಲ್ಲರನ್ನೂ ಹಿಂದಿಕ್ಕಿತು.

ಮೈಬಾಖ್ 1907ರಲ್ಲಿ ಡೈಮ್ಲರ್ ಕಂಪನಿ ಬಿಟ್ಟ. ಎರಡು ವರ್ಷದ ನಂತರ ಜೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನ್ ತಯಾರಿಸುವ ಕಂಪನಿ ಹುಟ್ಟಲು ಕಾರಣನಾದ. ಅದನ್ನು ಮಗ ಕಾರ್ಲ್ ಮುನ್ನಡೆಸಿದ. 1929ರ ಡಿಸೆಂಬರ್ 29ರಂದು ಮೈಬಾಖ್ ತೀರಿಕೊಂಡ. ಅವನ ಸಮಾಧಿ ಇರುವುದು ಡೈಮ್ಲರ್‌ನ ಸಮಾಧಿ ಇರುವ ಸ್ಮಶಾನದಲ್ಲೇ.

ಹಾಗಾದರೆ ಗಾಳಿ ಸಿಕ್ಕಿಕೊಳ್ಳುವುದೇಕೆ?

ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಹಳೆಯ ಕಾರುಗಳಲ್ಲಿ ಎತ್ತರಕ್ಕೆ ನಿಂತ ರೇಡಿಯೇಟರ್‌ನ ಮುಚ್ಚಳವೇ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿತ್ತು, ಗಾಳಿ ತಾನಾಗಿಯೇ ಹೊರಬರುತ್ತಿತ್ತು. ಇಂದಿನ ಕಾರುಗಳ ಬಾನೆಟ್ ತಗ್ಗು. ಹಲವು ಮಾದರಿಗಳಲ್ಲಿ ಹೀಟರ್ ಪೈಪು ಅಥವಾ ಎಂಜಿನ್‌ನ ತಲೆಭಾಗ ರೇಡಿಯೇಟರ್‌ಗಿಂತ ಎತ್ತರದಲ್ಲಿರುತ್ತದೆ. ಗಾಳಿ ಅಲ್ಲಿ ಕೂತರೆ ಕೂಲೆಂಟ್ ಸರಿಯಾಗಿ ಸುತ್ತುವುದಿಲ್ಲ. ಪಂಪ್ ತಳ್ಳಬಲ್ಲದ್ದು ದ್ರವವನ್ನು, ಗಾಳಿಯನ್ನಲ್ಲ. ಸೆನ್ಸರ್ ಗಾಳಿಯಲ್ಲಿ ಸಿಕ್ಕರೆ ಮುಳ್ಳು ಸುಳ್ಳನ್ನೂ ಹೇಳಬಹುದು. ಹೀಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುವ ಅಪಾಯವಿದೆ.

ಗಾಳಿ ತೆಗೆಯುವುದು ಹೇಗೆ?

ಎಂಜಿನ್ ಪೂರ್ತಿ ತಣ್ಣಗಿರಲಿ. ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಮುಚ್ಚಳ ತೆಗೆದು ಕೂಲೆಂಟ್ ತುಂಬಿ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಶುರುಮಾಡಿ. ಥರ್ಮೋಸ್ಟಾಟ್ ತೆರೆದಾಗ ಗುಳ್ಳೆಗಳು ಬಂದು ಮಟ್ಟ ಇಳಿಯುತ್ತದೆ. ಗುಳ್ಳೆ ನಿಲ್ಲುವವರೆಗೂ ತುಂಬುತ್ತಿರಿ, ಮುಖವನ್ನು ದೂರವಿಡಿ. ಕೆಲವು ಕಾರುಗಳಿಗೆ ಗಾಳಿ ಬಿಡುವ ಸ್ಕ್ರೂ ಇರುತ್ತದೆ. ನಿಮ್ಮ ಕಾರಿನ ಕ್ರಮ ಬೇರೆಯಾಗಿರಬಹುದು, ಕೈಪಿಡಿ ನೋಡಿ. ಗುಳ್ಳೆ ನಿಲ್ಲದೇ ಬರುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಎರಡು ತಪ್ಪು ನಂಬಿಕೆಗಳು

ಒಂದು, ಕುದಿಯುತ್ತಿರುವಾಗ ಮುಚ್ಚಳ ತೆಗೆದು ನೀರು ಸುರಿಯಬೇಕು ಎಂಬುದು. ಬೇಡವೇ ಬೇಡ. ಒತ್ತಡದಲ್ಲಿರುವುದರಿಂದ ಒಳಗಿನ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಅದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಇನ್ನೊಂದು, ಕೂಲೆಂಟ್ ಚಳಿ ದೇಶಗಳಿಗೆ ಮಾತ್ರ ಎಂಬುದು. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ಬೋರ್‌ವೆಲ್‌ನ ಗಡಸು ನೀರು ಆ ಸಣ್ಣ ಸಂದಿಗಳಲ್ಲಿ ಪಾಚಿಯಂತೆ ಸುಣ್ಣ ಕಟ್ಟಿಸುತ್ತದೆ.

ನಾವು ಆ ದಿನ ಬೇವಿನ ಮರದ ನೆರಳಲ್ಲಿ ಗಂಟೆಗಟ್ಟಲೆ ಕಾದು, ಎಂಜಿನ್ ತಣಿದ ಮೇಲಷ್ಟೇ ಮುಚ್ಚಳ ಮುಟ್ಟಿದೆವು. ಸಿರುಗುಪ್ಪ ತಲುಪುವುದು ತಡವಾಯಿತು, ಎಂಜಿನ್ ಉಳಿಯಿತು.