5 ವ್ಯಾಟ್ ಸಾಕು ಅಂದ ಪಾಲ್ ಕ್ಲಿಪ್ಶ್

ಸ್ಪೀಕರ್ ತಗೊಳ್ಳೋಕೆ ಹೋದ್ರೆ ನಾವೆಲ್ಲ ಮೊದಲು ಕೇಳೋದು ಒಂದೇ ಪ್ರಶ್ನೆ, ಎಷ್ಟು ವ್ಯಾಟ್? ಡಬ್ಬದ ಮೇಲೆ 1000 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಬರೆದಿದ್ರೆ ಖುಷಿಯಾಗುತ್ತೆ, 20 ಅಂತ ಇದ್ರೆ ಮೂಗು ಮುರಿದು ಮುಂದಿನ ಡಬ್ಬ ನೋಡ್ತೀವಿ. ಆ ಪ್ರಶ್ನೆಯೇ ಸರಿಯಿಲ್ಲ ಅಂತ ಅಮೆರಿಕದ ಒಂದು ಸಣ್ಣ ಊರಿನಲ್ಲಿ ಕೂತು ಬದುಕಿಡೀ ವಾದ ಮಾಡಿದವರು ಪಾಲ್ ವಿಲ್ಬರ್ ಕ್ಲಿಪ್ಶ್. ಅವರ ಹೆಸರು ಈಗ ಸೌಂಡ್‌ಬಾರ್, ಇಯರ್‌ಫೋನ್‌ಗಳ ಮೇಲೆಲ್ಲ ಕಾಣುತ್ತೆ. ಅದು ಕಂಪನಿಯವರು ಎಲ್ಲಿಂದಲೋ ಹುಡುಕಿ ಇಟ್ಟ ಹೆಸರಲ್ಲ, ಒಬ್ಬ ಎಲೆಕ್ಟ್ರಿಕಲ್ ಇಂಜಿನಿಯರ್‌ನ ಮನೆತನದ ಹೆಸರು.

ಕ್ಲಿಪ್ಶ್ ಹುಟ್ಟಿದ್ದು 1904ರ ಮಾರ್ಚ್ 9ರಂದು, ಇಂಡಿಯಾನಾ ರಾಜ್ಯದ ಎಲ್ಕಾರ್ಟ್‌ನಲ್ಲಿ. ತಂದೆ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದರು. ಮಗನಿಗೆ 12 ವರ್ಷ ಇರುವಾಗ ಅವರು ತೀರಿಕೊಂಡರು, ಮನೆಯವರು ಟೆಕ್ಸಾಸ್‌ನ ಎಲ್ ಪಾಸೋಗೆ ಹೋದರು. ರೇಡಿಯೋ ಪ್ರಸಾರ ಅನ್ನೋದು ಇನ್ನೂ ಸರಿಯಾಗಿ ಶುರುವಾಗದ ದಿನಗಳಲ್ಲೇ ಹುಡುಗ ಸ್ವಂತ ರೇಡಿಯೋ ಕಟ್ಟಿಕೊಂಡಿದ್ದ. 1926ರಲ್ಲಿ ನ್ಯೂ ಮೆಕ್ಸಿಕೋದ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಡಿಗ್ರಿ ಆಯ್ತು, ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸವೂ ಸಿಕ್ಕಿತು. ಇವತ್ತಿನ ಲೆಕ್ಕದಲ್ಲಿ ಡ್ರೀಮ್ ಪ್ಲೇಸ್‌ಮೆಂಟ್. ಆದರೆ ಎರಡೇ ವರ್ಷಕ್ಕೆ ಅವರು ದಕ್ಷಿಣ ಅಮೆರಿಕದ ಚಿಲಿಗೆ ಹೊರಟರು. ಅಲ್ಲಿನ ಮರುಭೂಮಿಯಲ್ಲಿ ನೈಟ್ರೇಟ್ ಸಾಗಿಸುವ ಎಲೆಕ್ಟ್ರಿಕ್ ರೈಲು ಇಂಜಿನ್‌ಗಳನ್ನ ನೋಡಿಕೊಳ್ಳೋ ಕೆಲಸ. ವಾಪಸ್ ಬಂದು ಸ್ಟ್ಯಾನ್‌ಫರ್ಡ್ ಸೇರಿ 1934ರಲ್ಲಿ ಉನ್ನತ ಪದವಿ ಪಡೆದರು. ಆಮೇಲೆ ಟೆಕ್ಸಾಸ್‌ನಲ್ಲಿ ಎಣ್ಣೆ ಹುಡುಕುವ ಕಂಪನಿಯೊಂದರಲ್ಲಿ ಭೂಭೌತ ವಿಜ್ಞಾನಿ. ರೈಲು, ಎಣ್ಣೆ, ಮುಂದೆ ಸೈನ್ಯ. ಸ್ಪೀಕರ್ ಇನ್ನೂ ಹವ್ಯಾಸ ಮಾತ್ರ.

ಆದರೆ ಆ ಹವ್ಯಾಸದಲ್ಲಿ ಒಂದು ವಿಷಯ ಅವರ ತಲೆ ಹೊಕ್ಕಿತ್ತು. ಸ್ಪೀಕರನ್ನ ಕೋಣೆಯ ಮೂಲೆಗೆ ತಳ್ಳಿದರೆ ಅದು ಬೇರೆಯೇ ಥರ ಕೇಳಿಸುತ್ತೆ, ಬೇಸ್ ತುಂಬಿಕೊಳ್ಳುತ್ತೆ. ಇಲ್ಲಿ ನಾವು ಸ್ವಲ್ಪ ನಿಂತು ನೋಡಲೇಬೇಕು, ಯಾಕಂದ್ರೆ ಅವರ ಮುಂದಿನ ಜೀವನ ಪೂರ್ತಿ ಈ ಮೂಲೆಯಲ್ಲೇ ಇದೆ.

ದೂರದ ಗದ್ದೆಯಲ್ಲಿ ಇರೋರನ್ನ ಕರೀಬೇಕಾದ್ರೆ ನಾವು ಬಾಯಿ ಸುತ್ತ ಅಂಗೈ ಹಿಡಿದು ಕೂಗ್ತೀವಿ. ಗಂಟಲಿಗೆ ಹೆಚ್ಚು ಶಕ್ತಿ ಬರಲ್ಲ, ಆದರೂ ಕೂಗು ಮುಟ್ಟುತ್ತೆ. ಊರ ಹಬ್ಬದ ಮೈಕ್ ಸೆಟ್ಟಿನಲ್ಲಿ ಮರಕ್ಕೆ ಕಟ್ಟಿರೋ ಅಲ್ಯೂಮಿನಿಯಂ ಹಾರ್ನ್ ಕೂಡ ಇದೇ. ಸ್ಪೀಕರಿನ ಕೋನ್ ಭಾರ, ಗಾಳಿ ಹಗುರ. ನೇರವಾಗಿ ತಳ್ಳಿದರೆ ಗಾಳಿ ಜಾರಿಕೊಳ್ಳುತ್ತೆ, ಶಕ್ತಿ ಅಲ್ಲಿಗೆ ದಾಟೋದೇ ಇಲ್ಲ. ಸಾಮಾನ್ಯ ಸ್ಪೀಕರಿಗೆ ಕೊಟ್ಟ ಕರೆಂಟಿನಲ್ಲಿ ಶೇಕಡಾ 1 ಕೂಡ ಶಬ್ದ ಆಗಲ್ಲ, ಉಳಿದದ್ದೆಲ್ಲ ಕಾಯಿಲ್‌ನಲ್ಲಿ ಬಿಸಿಯಾಗಿ ಹೋಗುತ್ತೆ. ಹಾರ್ನ್ ಇಟ್ಟರೆ ಅದು ಟ್ರಾನ್ಸ್‌ಫಾರ್ಮರ್ ಥರ ನಡುವೆ ನಿಂತು ಎರಡು ಕಡೆಯ ಇಂಪಿಡೆನ್ಸ್ ಹೊಂದಿಸುತ್ತೆ. ನೆಟ್‌ವರ್ಕ್ಸ್ ಕ್ಲಾಸಿನ ಮ್ಯಾಕ್ಸಿಮಮ್ ಪವರ್ ಟ್ರಾನ್ಸ್‌ಫರ್ ಥಿಯರಂ ನೆನಪಿದ್ರೆ ಇದು ಅದರ ಅಣ್ಣನೋ ತಮ್ಮನೋ ಅಂದುಕೊಳ್ಳಿ.

ತೊಂದರೆ ಏನಂದ್ರೆ ಬೇಸ್. ಹಾರ್ನ್ ಕೆಲಸ ಮಾಡಬೇಕಾದ್ರೆ ಅದರ ಬಾಯಿಯ ಸುತ್ತಳತೆ ಸುಮಾರು ಒಂದು ತರಂಗದಷ್ಟಾದರೂ ಇರಬೇಕು. 40 ಹರ್ಟ್ಸ್ ತರಂಗದ ಉದ್ದ ಹತ್ತಿರ ಹತ್ತಿರ 8.6 ಮೀಟರ್. ಅಂದ್ರೆ 2.7 ಮೀಟರ್ ಅಗಲದ, ಸುಮಾರು 6 ಚದರ ಮೀಟರಿನ ಬಾಯಿ. ಅದನ್ನ ಮನೆಯೊಳಗೆ ಇಟ್ಟರೆ ಮನೆಯವರು ಹೊರಗೆ ಮಲಗಬೇಕಷ್ಟೆ. ಮೂಲೆ ಸಹಾಯಕ್ಕೆ ಬರೋದು ಇಲ್ಲಿ. ಎರಡು ಗೋಡೆ, ಒಂದು ನೆಲ ಸೇರೋ ಕಡೆ ಶಬ್ದಕ್ಕೆ ಹರಡಲು ಸಿಗೋ ಜಾಗ ಪೂರ್ತಿ ಗೋಳದ ಎಂಟನೇ ಒಂದು ಭಾಗ. ಹಾಗಾಗಿ ಬಾಯಿಯೂ ಎಂಟನೇ ಒಂದು ಭಾಗ ಇದ್ದರೆ ಸಾಕು, ಮುಕ್ಕಾಲು ಚದರ ಮೀಟರ್ ಅಷ್ಟೆ. ಉಳಿದ ಹಾರ್ನ್ ಕೆಲಸ ಗೋಡೆಗಳೇ ಮಾಡ್ತವೆ. ಕ್ಲಿಪ್ಶ್ ಆ ಉದ್ದದ ಹಾರ್ನನ್ನ ಮರದ ಪೆಟ್ಟಿಗೆಯೊಳಗೆ ಮಡಿಚಿ ಮಡಿಚಿ ಕೂರಿಸಿದರು. ಗೋಡೆಯನ್ನೇ ಯಂತ್ರದ ಭಾಗ ಮಾಡಿಕೊಂಡ ಈ ಜಾಣತನ ನಮಗಂತೂ ತುಂಬಾ ಇಷ್ಟ. ಸಿವಿಲ್ ಮತ್ತು ಇಸಿಇ ಬ್ರಾಂಚಿನವರು ಒಂದೇ ಪ್ರಾಜೆಕ್ಟಿಗೆ ಸಹಿ ಹಾಕಿದ ಹಾಗಿದೆ.

ಎರಡನೇ ಮಹಾಯುದ್ಧ ಬಂತು. ಸೈನ್ಯದ ಅಧಿಕಾರಿಯಾಗಿ ಕ್ಲಿಪ್ಶ್ ಅರ್ಕಾನ್ಸಸ್ ರಾಜ್ಯದ ಹೋಪ್ ಅನ್ನೋ ಊರಿಗೆ ಬಂದರು. ಅಲ್ಲಿ ಬಾಂಬು, ಗುಂಡುಗಳನ್ನ ಪರೀಕ್ಷೆ ಮಾಡೋ ದೊಡ್ಡ ಮೈದಾನ ಇತ್ತು. ಹಗಲಿಡೀ ಗುಂಡಿನ ಸದ್ದು, ಸಂಜೆ ಕ್ವಾರ್ಟರ್ಸ್‌ನ ಮೂಲೆಯಲ್ಲಿ ಹಾರ್ನ್ ಸ್ಪೀಕರ್. ಕೇಳಿದ ಸಹೋದ್ಯೋಗಿಗಳು ಇದನ್ನ ಮಾಡಿ ಮಾರಬಾರದಾ ಅಂತ ಒತ್ತಾಯ ಮಾಡಿದರು. ಯುದ್ಧ ಮುಗಿದ ಮೇಲೆ ಎಲ್ಲರೂ ಊರು ಬಿಟ್ಟರು, ಇವರು ಬಿಡಲಿಲ್ಲ. 1946ರಲ್ಲಿ ಹೋಪ್‌ನಲ್ಲೇ ಕಂಪನಿ ಶುರು ಮಾಡಿದರು. ಅದೇ ವರ್ಷ ಅದೇ ಊರಿನಲ್ಲಿ ಬಿಲ್ ಕ್ಲಿಂಟನ್ ಹುಟ್ಟಿದ್ದು, ಅದು ಬೇರೆ ಕಥೆ ಬಿಡಿ. ಕಂಪನಿ ಅಂದ್ರೆ ತಗಡಿನ ಶೆಡ್, ಕೆಲಸಗಾರ ಇವರೊಬ್ಬರೇ. ಮೊದಲ ನೌಕರ ಸೇರಿದ್ದು 1948ರಲ್ಲಿ. ಸ್ಪೀಕರಿನ ಹೆಸರು ಕ್ಲಿಪ್ಶ್‌ಹಾರ್ನ್. 4 ಅಡಿಗಿಂತ ಎತ್ತರ, ಒಳಗೆ 15 ಇಂಚಿನ ವೂಫರ್, ಮೇಲೆ ಉಳಿದ ಶಬ್ದಕ್ಕೆ ಬೇರೆ ಹಾರ್ನ್. ಇಬ್ಬರು ಸೇರಿ ಎತ್ತೋದೂ ಕಷ್ಟ.

ಈಗ ವ್ಯಾಟಿನ ವಿಷಯಕ್ಕೆ ಬರೋಣ. ಕ್ಲಿಪ್ಶ್‌ಹಾರ್ನಿಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಸುಮಾರು 105 ಡೆಸಿಬೆಲ್. ಸಾಧಾರಣ ಸಣ್ಣ ಸ್ಪೀಕರಿಗೆ ಅದೇ 1 ವ್ಯಾಟಿಗೆ 85. ವ್ಯತ್ಯಾಸ 20 ಡೆಸಿಬೆಲ್, ಅಂದ್ರೆ ಶಕ್ತಿಯಲ್ಲಿ 100 ಪಟ್ಟು. ಸಂಗೀತದಲ್ಲಿ ಡ್ರಮ್ಮಿನ ಒಂದು ಪೆಟ್ಟು ಸರಾಸರಿ ಶಬ್ದಕ್ಕಿಂತ 20 ಡೆಸಿಬೆಲ್ ಮೇಲೆ ಹಾರಬಹುದು. ಸಣ್ಣ ಸ್ಪೀಕರಿನಲ್ಲಿ 85 ಡೆಸಿಬೆಲ್ಲಿನಲ್ಲಿ ಹಾಡು ಕೇಳ್ತಿದ್ರೆ ಆ ಪೆಟ್ಟಿಗೆ 100 ವ್ಯಾಟ್ ಬೇಕು. ಕ್ಲಿಪ್ಶ್‌ಹಾರ್ನಿಗೆ 1 ವ್ಯಾಟ್ ಸಾಕು, ಉಳಿದ ಹಾಡೆಲ್ಲ 10 ಮಿಲಿವ್ಯಾಟಿನಲ್ಲಿ ನಡೆದು ಹೋಗುತ್ತೆ.

ಆ ಕಾಲದಲ್ಲಿ ಇದು ಶೋಕಿ ಅಲ್ಲ, ಅವಶ್ಯಕತೆ. ಆಗಿನ ಆಂಪ್ಲಿಫೈಯರ್‌ಗಳೆಲ್ಲ ವಾಲ್ವಿನವು, ವ್ಯಾಟ್ ಅನ್ನೋದು ತುಂಬಾ ದುಬಾರಿ. 1930ರ ದಶಕದ ಟ್ರಯೋಡ್ ವಾಲ್ವ್ 2ಎ3 ಒಂದನ್ನೇ ಬಳಸಿದರೆ ಸಿಗೋದು 3.5 ವ್ಯಾಟ್. ವೆಸ್ಟರ್ನ್ ಎಲೆಕ್ಟ್ರಿಕ್‌ನ 300ಬಿ ಅನ್ನೋ ಹೆಸರಾಂತ ವಾಲ್ವಿನಿಂದ 8 ವ್ಯಾಟಿನ ಆಸುಪಾಸು. ಅದಕ್ಕೆ 350 ವೋಲ್ಟಿನಲ್ಲಿ 60 ಮಿಲಿಆಂಪ್ ಹರಿಯುತ್ತಲೇ ಇರಬೇಕು, ಹಾಡು ಇದ್ರೂ ಇಲ್ಲದಿದ್ರೂ. ಅದೇ 21 ವ್ಯಾಟ್ ಆಯ್ತು, ಫಿಲಮೆಂಟ್ ಕಾಯಿಸೋಕೆ ಇನ್ನೂ 6. ಒಟ್ಟು 27 ವ್ಯಾಟ್ ಉರಿಸಿ 8 ವ್ಯಾಟ್ ಪಡೆಯೋ ವ್ಯಾಪಾರ. ಆದರೂ ಅಂಥ 8 ವ್ಯಾಟಿನಿಂದಲೇ ಆಗ ಸಣ್ಣ ಸಿನಿಮಾ ಥಿಯೇಟರ್‌ಗಳು ನಡೆಯುತ್ತಿದ್ದವು, ಪರದೆ ಹಿಂದೆ ದೊಡ್ಡ ಹಾರ್ನ್ ಇತ್ತಲ್ಲ.

ಆದರೆ ವ್ಯಾಟ್ ಉಳಿಸೋದು ಕ್ಲಿಪ್ಶ್ ಅವರ ಗುರಿಯೇ ಆಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಸ್ವಚ್ಛ ಶಬ್ದ. ಒಂದೇ ಕೋನ್ ಬೇಸಿಗಾಗಿ ಹಿಂದೆ ಮುಂದೆ ದೊಡ್ಡದಾಗಿ ಓಡಾಡುತ್ತಾ ಅದೇ ಹೊತ್ತಿಗೆ ಹಾಡುಗಾರ್ತಿಯ ದನಿಯನ್ನೂ ನುಡಿಸಿದರೆ ಏನಾಗುತ್ತೆ? ಹತ್ತಿರ ಬಂದು ದೂರ ಹೋಗೋ ರೈಲಿನ ಸೀಟಿಯಂತೆ ಆ ದನಿ ಮೇಲೆ ಕೆಳಗೆ ಆಗುತ್ತೆ, ಡಾಪ್ಲರ್ ಪರಿಣಾಮ. ಹಾರ್ನ್ ಇದ್ದರೆ ಅಷ್ಟೇ ಶಬ್ದಕ್ಕೆ ಕೋನ್ ಅಲುಗೋದು ಬಹಳ ಕಡಿಮೆ, ಹಾಗಾಗಿ ಈ ವಿಕೃತಿಯೂ ಕಡಿಮೆ. ದಕ್ಷತೆ ಹೆಚ್ಚಾದಷ್ಟೂ ಡಿಸ್ಟಾರ್ಷನ್ ಇಳಿಯುತ್ತೆ ಅನ್ನೋದು ಅವರು ಮತ್ತೆ ಮತ್ತೆ ಅಳೆದು, ಪೇಪರ್ ಬರೆದು ಹೇಳಿದ ಮಾತು.

ಅಷ್ಟರಲ್ಲಿ ಲೋಕ ಬೇರೆ ದಾರಿ ಹಿಡಿಯಿತು. 1954ರಲ್ಲಿ ಎಡ್ಗರ್ ವಿಲ್ಚರ್ ಅನ್ನೋರು ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯ ಸ್ಪೀಕರ್ ತಂದರು. ಆ ಅಳತೆಗೆ ಅಂಥ ಆಳವಾದ ಬೇಸ್ ಅಲ್ಲೀವರೆಗೆ ಯಾರೂ ಕೇಳಿರಲಿಲ್ಲ. ಬದಲಿಗೆ ಅದು ವ್ಯಾಟ್ ನುಂಗುತ್ತಿತ್ತು. ಮೊದಲು ಅದೊಂದು ಅಡ್ಡಿ ಅನ್ನಿಸಿತ್ತು, ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾದ ಮೇಲೆ ಅಡ್ಡಿಯೇ ಇಲ್ಲ. ಜನ ಪುಸ್ತಕದ ಕಪಾಟಿನಲ್ಲಿ ಹಿಡಿಯೋ ಪೆಟ್ಟಿಗೆಗಳನ್ನೇ ಕೊಂಡರು. ವಿಲ್ಚರ್ ಕೂಡ ಅಪ್ಪಟ ಇಂಜಿನಿಯರ್, ಅವರ ಲೆಕ್ಕವೂ ಸರಿಯೇ. ಬಾಡಿಗೆ ಮನೆಯಲ್ಲಿ ಇರೋರಿಗೆ ಎರಡು ಖಾಲಿ ಮೂಲೆ ಎಲ್ಲಿಂದ ಬರಬೇಕು? ಒಂದರಲ್ಲಿ ಬಾಗಿಲು, ಇನ್ನೊಂದರಲ್ಲಿ ಬೀರು. ಈ ಮಾತಿನಲ್ಲಿ ನಾವು ವಿಲ್ಚರ್ ಕಡೆ.

ಮೂಲೆಯ ತೊಂದರೆ ಕ್ಲಿಪ್ಶ್ ಅವರಿಗೂ ತಟ್ಟಿತು. ಸ್ಟೀರಿಯೋ ಬಂದಾಗ ಎರಡು ದೂರದ ಮೂಲೆಗಳ ನಡುವೆ ಶಬ್ದದಲ್ಲಿ ಗುಂಡಿ ಬಿದ್ದ ಹಾಗಾಯ್ತು. ಅದನ್ನ ತುಂಬೋಕೆ 1957ರಲ್ಲಿ ಮಧ್ಯದಲ್ಲಿ ಇಡೋ ಚಿಕ್ಕ ಸ್ಪೀಕರ್ ಮಾಡಿದರು. ಮೂಲೆ ಬೇಡ, ಬೇಸಿಗೆ ಹಾರ್ನೂ ಇಲ್ಲ. ಮೂಲೆಯ ಹಾರ್ನೇ ಧರ್ಮ ಅಂತ ಸಾರಿದವರು ಹೀಗೆ ಮಾಡೋದು ಧರ್ಮದ್ರೋಹ ಅಲ್ವಾ ಅಂತ ಜೊತೆಯವರೊಬ್ಬರು ಛೇಡಿಸಿದರು. ಇವರು ಅದನ್ನೇ ಹೆಸರು ಮಾಡಿ ಇಟ್ಟುಬಿಟ್ಟರು, ಹೆರೆಸಿ. ಇವತ್ತಿಗೂ ಅದೇ ಹೆಸರಲ್ಲಿ ಮಾರಾಟವಾಗುತ್ತೆ. 1963ರ ಲಾ ಸ್ಕಾಲಾ ಸ್ಪೀಕರ್ ಹುಟ್ಟಿದ್ದಂತೂ ಅರ್ಕಾನ್ಸಸ್ ಗವರ್ನರ್ ಹುದ್ದೆಗೆ ನಿಂತ ವಿನ್‌ಥ್ರಾಪ್ ರಾಕ್‌ಫೆಲ್ಲರ್ ಅವರ ಪ್ರಚಾರ ಭಾಷಣಗಳಿಗಾಗಿ.

ಹಠಮಾರಿ, ನಿಜ. ಕೋಟಿನ ಕಾಲರಿನ ಒಳಗಡೆ ಬುಲ್‌ಶಿಟ್ ಅಂತ ಬರೆದ ಬ್ಯಾಡ್ಜ್ ಸಿಕ್ಕಿಸಿಕೊಂಡಿರುತ್ತಿದ್ದರು. ಯಾರಾದರೂ ಬೊಗಳೆ ಬಿಡೋಕೆ ಶುರು ಮಾಡಿದರೆ ಮಾತಾಡದೆ ಕಾಲರ್ ಮಡಿಚಿ ತೋರಿಸೋದು. ನಮ್ಮ ಸೆಮಿನಾರುಗಳಲ್ಲಿ ಇಂಥ ಒಬ್ಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಹೇಗಿರುತ್ತೆ ಅಂತ ನೆನೆಸಿಕೊಂಡರೇ ಬೆವರು ಬರುತ್ತೆ.

ದೊಡ್ಡ ದೊಡ್ಡ ಆಂಪ್ಲಿಫೈಯರ್‌ಗಳ ಜಾಹೀರಾತು ಜೋರಾದಾಗ, ಈ ದೇಶಕ್ಕೆ ಬೇಕಿರೋದು ಒಂದು ಒಳ್ಳೆಯ 5 ವ್ಯಾಟ್ ಆಂಪ್ಲಿಫೈಯರ್ ಮಾತ್ರ ಅನ್ನೋ ಅರ್ಥದ ಮಾತು ಅವರು ಆಡುತ್ತಿದ್ದರು. ತಮಾಷೆ ಥರ ಕಂಡರೂ ಅದರಲ್ಲಿ ಪಾಠ ಇದೆ. ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ಸಿಗ್ನಲ್ ಸೊನ್ನೆ ದಾಟುವಾಗ ಒಂದು ಟ್ರಾನ್ಸಿಸ್ಟರ್ ಆಫ್ ಆಗಿ ಇನ್ನೊಂದು ಆನ್ ಆಗೋ ನಡುವೆ ಸಣ್ಣ ಮುರುಕು ಉಳಿಯುತ್ತಿತ್ತು. ಅನಲಾಗ್ ಲ್ಯಾಬಿನಲ್ಲಿ ಕ್ಲಾಸ್ ಬಿ ಸರ್ಕ್ಯೂಟ್ ಮಾಡಿದವರು ಸ್ಕೋಪಿನಲ್ಲಿ ನೋಡಿರ್ತೀರಿ, ಕ್ರಾಸ್‌ಓವರ್ ಡಿಸ್ಟಾರ್ಷನ್. 50 ವ್ಯಾಟಿನಲ್ಲಿ ಅಳೆದರೆ ಅದು ಲೆಕ್ಕಕ್ಕೇ ಬರಲ್ಲ. 10 ಮಿಲಿವ್ಯಾಟಿನಲ್ಲಿ ಸಿಗ್ನಲ್ಲಿನ ದೊಡ್ಡ ಪಾಲು ಅದೇ ಆಗಿಬಿಡುತ್ತೆ. ಕ್ಲಿಪ್ಶ್‌ಹಾರ್ನ್ ಕೇಳೋರು ಇರೋದೇ ಆ ಮಿಲಿವ್ಯಾಟಿನ ಲೋಕದಲ್ಲಿ. ಒಂದೇ ಟ್ರಯೋಡಿನ ಕ್ಲಾಸ್ ಎ ಆಂಪ್ಲಿಫೈಯರ್ ಇದಕ್ಕೆ ತಿರುವುಮುರುವು. ಪೂರ್ತಿ ಶಕ್ತಿಯಲ್ಲಿ ಅದರ ಡಿಸ್ಟಾರ್ಷನ್ ನಾಚಿಕೆ ಆಗುವಷ್ಟಿರುತ್ತೆ, ವಾಲ್ಯೂಮ್ ಇಳಿಸಿದಂತೆ ಕರಗುತ್ತಾ ಹೋಗುತ್ತೆ. ಇದರಲ್ಲಿ ಮಾಯ ಮಂತ್ರ ಏನಿಲ್ಲ. ಅದೇ ಆಂಪ್ಲಿಫೈಯರನ್ನ 85 ಡೆಸಿಬೆಲ್ ಸ್ಪೀಕರಿಗೆ ಹಾಕಿದರೆ ಸೊರಗಿದ ದನಿ ಬರುತ್ತೆ. ಎರಡನ್ನೂ ಜೋಡಿಯಾಗಿಯೇ ಆರಿಸಬೇಕು.

ವಾಲ್ವುಗಳ ಕಾಲ ಮುಗೀತು ಅಂದುಕೊಂಡ ಎಷ್ಟೋ ವರ್ಷಗಳ ನಂತರ ಜಪಾನಿನ ಹವ್ಯಾಸಿಗಳು ಹಳೇ 300ಬಿ, 2ಎ3ಗಳನ್ನ ಹುಡುಕಿ ಮತ್ತೆ ಕಟ್ಟೋಕೆ ಶುರು ಮಾಡಿದರು. ಅದು ಯುರೋಪಿಗೂ ಹಬ್ಬಿತು, ಅಮೆರಿಕಕ್ಕೂ ವಾಪಸ್ ಬಂತು. 3 ವ್ಯಾಟಿಗೆ ಮನೆ ತುಂಬಾ ಹಾಡೋ ಸ್ಪೀಕರ್ ಬೇಕಾದಾಗ ಅವರಲ್ಲಿ ಎಷ್ಟೋ ಜನ ಬಂದು ನಿಂತದ್ದು ಕ್ಲಿಪ್ಶ್ ಅವರ ಪೆಟ್ಟಿಗೆಗಳ ಮುಂದೆ. ಈ ಗುಂಪಿಗೆ ನಮ್ಮೂರಿಂದ ಒಂದು ಎಳೆ ಇದೆ. ಬೆಂಗಳೂರಿನ ಬಿಇಎಲ್ 60ರ ದಶಕದಿಂದ ರೇಡಿಯೋ ವಾಲ್ವುಗಳನ್ನ ಮಾಡುತ್ತಿತ್ತು, ಇಎಲ್84 ಕೂಡ. ಆ ಒಂದು ವಾಲ್ವಿನಿಂದ ಕ್ಲಾಸ್ ಎನಲ್ಲಿ ಸಿಗೋದು 5 ವ್ಯಾಟ್ ಚಿಲ್ಲರೆ. ಬಿಇಎಲ್ ಅಂತ ಅಚ್ಚಾಗಿರೋ ಹಳೇ ಇಎಲ್84ಗಳನ್ನ ಹೊರದೇಶದವರು ಈಗಲೂ ಹುಡುಕಿ ಕೊಳ್ಳುತ್ತಾರೆ.

1989ರಲ್ಲಿ ಕ್ಲಿಪ್ಶ್ ಕಂಪನಿಯನ್ನ ತಮ್ಮ ಸಂಬಂಧಿ ಫ್ರೆಡ್ ಕ್ಲಿಪ್ಶ್ ಅವರಿಗೆ ಮಾರಿದರು. ಓದಿದ ಕಾಲೇಜು, ಈಗಿನ ನ್ಯೂ ಮೆಕ್ಸಿಕೋ ಸ್ಟೇಟ್ ಯೂನಿವರ್ಸಿಟಿ, ತನ್ನ ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ವಿಭಾಗಕ್ಕೆ ಅವರ ಹೆಸರು ಇಟ್ಟಿದೆ. 2002ರ ಮೇ 5ರಂದು, 98ನೇ ವಯಸ್ಸಿನಲ್ಲಿ, ಹೋಪ್‌ನಲ್ಲೇ ತೀರಿಕೊಂಡರು. ಕ್ಲಿಪ್ಶ್‌ಹಾರ್ನ್ ಈಗಲೂ ಅದೇ ಊರಿನಲ್ಲಿ ತಯಾರಾಗುತ್ತೆ, ಜೋಡಿಯ ಎರಡಕ್ಕೂ ಒಂದೇ ಮರದ ಪದರ ಹೊಂದಿಸಿ. ಯುದ್ಧಕಾಲದ ಪರೀಕ್ಷಾ ಮೈದಾನದ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡ ಮುಂದೆ ಅವರ ಕಾರ್ಖಾನೆ ಆಗಿತ್ತು. ಈಗ ಅದೇ ಕಟ್ಟಡದಲ್ಲಿ ಅವರ ಸ್ಪೀಕರುಗಳ ಮ್ಯೂಸಿಯಂ ಇದೆ.