ಅಳತೆಯನ್ನು ಮೀರಿದ ಶಿಲ್ಪಿ

1877ನೆಯ ಇಸವಿಯ ಜನವರಿ ತಿಂಗಳು. ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದ ಕಲಾಪ್ರದರ್ಶನವೊಂದರಲ್ಲಿ ತರುಣನೊಬ್ಬನ ಆಳೆತ್ತರದ ಪ್ರತಿಮೆಯನ್ನು ಇರಿಸಲಾಗಿತ್ತು. ಒಂದು ಕೈಯನ್ನು ತಲೆಯ ಮೇಲಿರಿಸಿಕೊಂಡು, ಗಾಢನಿದ್ರೆಯಿಂದ ಆಗತಾನೆ ಎಚ್ಚೆತ್ತವನಂತೆ ಆ ತರುಣನು ನಿಂತಿದ್ದನು. ಮೂಳೆಗಳ ನಿಲುವು, ಮಾಂಸಖಂಡಗಳ ಏರಿಳಿತ, ಚರ್ಮದ ನಯ ಎಲ್ಲವೂ ಎಷ್ಟು ಸಹಜವಾಗಿದ್ದುವೆಂದರೆ ಪ್ರತಿಮೆಯು ಉಸಿರಾಡುತ್ತಿರುವಂತೆ ಭಾಸವಾಗುತ್ತಿತ್ತು. ಆದರೆ ಆ ಸಹಜತೆಯೇ ಶಿಲ್ಪಿಗೆ ಮುಳುವಾಯಿತು. ಇದು ಕೈಯಿಂದ ರೂಪಿಸಿದ ಪ್ರತಿಮೆಯಲ್ಲ, ಜೀವಂತ ಮನುಷ್ಯನ ಮೈಗೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದು ಎರಕ ಹೊಯ್ದದ್ದು ಎಂಬ ಅಪವಾದ ಹುಟ್ಟಿತು. ಅದೇ ವರ್ಷ ಪ್ರತಿಮೆಯು ಪ್ಯಾರಿಸ್ಸಿನ ಪ್ರದರ್ಶನಕ್ಕೆ ಹೋದಾಗ ಅಪವಾದವೂ ಅದರ ಬೆನ್ನುಹತ್ತಿತು. ಶಿಲ್ಪಿಯಾದವನಿಗೆ ಇದಕ್ಕಿಂತ ಮಿಗಿಲಾದ ಅವಮಾನ ಬೇರೊಂದಿರಲಾರದು. ಮುಂದೆ ‘ಕಂಚಿನ ಯುಗ’ ಎಂದು ಪ್ರಸಿದ್ಧವಾದ ಆ ಕೃತಿಯನ್ನು ರಚಿಸಿದವನು ಫ್ರಾನ್ಸ್ ದೇಶದ ಆಗಸ್ಟ್ ರೋಡಿನ್.

ರೋಡಿನ್ 1840ನೆಯ ನವೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ಜನಿಸಿದನು. ತಂದೆ ಪೊಲೀಸ್ ಇಲಾಖೆಯ ಗುಮಾಸ್ತ, ಮನೆಯಲ್ಲಿ ಸಿರಿತನವಿರಲಿಲ್ಲ. ಬಾಲಕನಿಗೆ ಸಮೀಪದೃಷ್ಟಿಯ ದೋಷವಿತ್ತು. ಓದಿನಲ್ಲಿ ಹಿಂದುಳಿದರೂ ಚಿತ್ರ ಬರೆಯುವುದರಲ್ಲಿ ಅವನಿಗೆ ಅಪಾರ ಆಸಕ್ತಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಕರಕುಶಲ ಕಲೆಗಳ ಶಾಲೆಯನ್ನು ಸೇರಿದನು. ಬಳಿಕ ದೇಶದ ಶ್ರೇಷ್ಠ ಕಲಾವಿದ್ಯಾಲಯಕ್ಕೆ ಸೇರಲು ಮೂರು ಬಾರಿ ಪರೀಕ್ಷೆಗೆ ಕುಳಿತನು. ಮೂರು ಬಾರಿಯೂ ಅನುತ್ತೀರ್ಣನಾದನು. 1862ರಲ್ಲಿ ಅಕ್ಕರೆಯ ಸೋದರಿ ಮರಿಯಾ ತೀರಿಕೊಂಡಾಗ ದುಃಖ ತಾಳಲಾರದೆ ಕ್ರೈಸ್ತ ಸಂನ್ಯಾಸಿಗಳ ಮಠವನ್ನು ಸೇರಿದನು. ಆದರೆ ಅಲ್ಲಿನ ಹಿರಿಯರಾದ ಪಾದ್ರಿ ಎಮಾರ್ ಅವರು ತರುಣನ ಪ್ರತಿಭೆಯನ್ನು ಗುರುತಿಸಿ, ಅವನನ್ನು ಮತ್ತೆ ಕಲೆಯ ದಾರಿಗೆ ಹಚ್ಚಿದರು. ಅಲ್ಲಿಂದ ಮುಂದೆ ಹಲವು ವರ್ಷಗಳ ಕಾಲ ಹೊಟ್ಟೆಪಾಡಿಗಾಗಿ ಇತರ ಶಿಲ್ಪಿಗಳ ಕಾರ್ಯಾಗಾರಗಳಲ್ಲಿ ಅಲಂಕಾರದ ಕೆಲಸ ಮಾಡುತ್ತ ಅವನು ದಿನ ಕಳೆದನು.

ಇಂಥವನು ಒಂದೂವರೆ ವರ್ಷ ಶ್ರಮಿಸಿ ರೂಪಿಸಿದ ಕೃತಿಯೇ ‘ಕಂಚಿನ ಯುಗ’. ಬೆಲ್ಜಿಯಂ ಸೈನ್ಯದ ಯುವಕನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು, ಮುಂದಿನಿಂದ, ಹಿಂದಿನಿಂದ, ಪಕ್ಕಗಳಿಂದ ನೋಡಿ ನೋಡಿ ಅವನು ಮಣ್ಣನ್ನು ತಿದ್ದಿದ್ದನು. ಅಪವಾದವನ್ನು ತೊಡೆಯಲು ಆ ಯುವಕನ ಛಾಯಾಚಿತ್ರಗಳನ್ನು ಒಪ್ಪಿಸಿದರೂ ಆಗ ಪ್ರಯೋಜನವಾಗಲಿಲ್ಲ. ಆದರೆ ಆಲ್ಫ್ರೆಡ್ ಬೂಷೆ ಎಂಬ ಶಿಲ್ಪಿ, ರೋಡಿನ್ ಯಾರನ್ನೂ ಎದುರಿಗಿಟ್ಟುಕೊಳ್ಳದೆ ಮಣ್ಣಿನಲ್ಲಿ ಆಕೃತಿಗಳನ್ನು ಮೂಡಿಸುವುದನ್ನು ಕಣ್ಣಾರೆ ಕಂಡನು. ಅವನೂ ಇತರ ಕೆಲವು ಶಿಲ್ಪಿಗಳೂ ರೋಡಿನ್‌ನ ಪರವಾಗಿ ಸರ್ಕಾರಕ್ಕೆ ಪತ್ರ ಬರೆದರು. 1880ರಲ್ಲಿ ಸರ್ಕಾರವೇ ಆ ಪ್ರತಿಮೆಯನ್ನು ಕೊಂಡುಕೊಂಡಿತು.

ಆದರೆ ರೋಡಿನ್ ಇತರರ ಸಾಕ್ಷ್ಯವನ್ನೇ ನೆಚ್ಚಿ ಕುಳಿತಿರಲಿಲ್ಲ. ಮೈಮೇಲೆ ತೆಗೆದ ಅಚ್ಚು ಮೈಯಷ್ಟೇ ದೊಡ್ಡದಾಗಿರಬೇಕಲ್ಲವೆ? ಆದುದರಿಂದ ಅವನು ‘ಸಂತ ಯೋಹಾನ’ನ ಪ್ರತಿಮೆಯನ್ನು ಸಹಜ ಪ್ರಮಾಣಕ್ಕಿಂತ ದೊಡ್ಡದಾಗಿ ರಚಿಸಿದನು. ಅದನ್ನು ಅಚ್ಚಿನ ಕೆಲಸವೆಂದು ಯಾರೂ ಹೇಳುವಂತಿರಲಿಲ್ಲ. ಆ ಪ್ರತಿಮೆಯಲ್ಲಿ ಇನ್ನೊಂದು ವಿಶೇಷವಿದೆ. ನಡೆಯುವವನ ಹಿಂದಿನ ಹಿಮ್ಮಡಿ ನೆಲವನ್ನು ಬಿಟ್ಟು ಮೇಲೇಳುತ್ತದೆ. ಈ ಸಂತನಾದರೋ ಎರಡು ಪಾದಗಳನ್ನೂ ನೆಲಕ್ಕೆ ಊರಿದ್ದಾನೆ. ಆದರೂ ಅವನು ನಡೆಯುತ್ತಿರುವಂತೆಯೇ ಕಾಣುತ್ತಾನೆ. ನಡಿಗೆಯ ಬೇರೆ ಬೇರೆ ಕ್ಷಣಗಳನ್ನು ಶಿಲ್ಪಿ ಒಂದೇ ದೇಹದಲ್ಲಿ ಕೂಡಿಸಿದ್ದಾನೆ.

1880ರಲ್ಲಿ ಸರ್ಕಾರವು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯವೊಂದಕ್ಕೆ ಹೆಬ್ಬಾಗಿಲನ್ನು ರಚಿಸುವಂತೆ ಕೇಳಿದಾಗ ರೋಡಿನ್ ಇದಕ್ಕೆ ವಿರುದ್ಧವಾದ ಮಾರ್ಗ ಹಿಡಿದನು. ಆರು ಮೀಟರಿಗೂ ಎತ್ತರವಾದ ಆ ‘ನರಕದ್ವಾರ’ದಲ್ಲಿ ನೂರಾರು ಪುಟ್ಟ ಆಕೃತಿಗಳನ್ನು ತುಂಬಿದನು. ಅಂಗೈಯಗಲದ ಮೈಯಲ್ಲಿಯೂ ಮನುಷ್ಯನ ನೋವೆಲ್ಲ ಅಡಗಬಲ್ಲುದೆಂದು ತೋರಿಸಿದನು. ಬಾಗಿಲಿನ ಮೇಲ್ಭಾಗದಲ್ಲಿ ಕುಳಿತಿದ್ದ ಸುಮಾರು 70 ಸೆಂಟಿಮೀಟರ್ ಎತ್ತರದ ‘ಚಿಂತಕ’ನೇ ಮುಂದೆ 1904ರಲ್ಲಿ ಸುಮಾರು 180 ಸೆಂಟಿಮೀಟರ್ ಎತ್ತರಕ್ಕೆ ಬೆಳೆದು ಜಗತ್ಪ್ರಸಿದ್ಧನಾದನು.

ಕಾಲೆ ಪಟ್ಟಣಕ್ಕಾಗಿ ಮಾಡಿದ ಶಿಲ್ಪದ ಕಥೆಯೂ ಸ್ವಾರಸ್ಯವಾಗಿದೆ. 1347ರಲ್ಲಿ ಇಂಗ್ಲೆಂಡಿನ ದೊರೆ ಆ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದಾಗ, ಊರನ್ನು ಉಳಿಸಲು ಆರು ಮಂದಿ ನಾಗರಿಕರು ಕೊರಳಿಗೆ ಹಗ್ಗ ಬಿಗಿದುಕೊಂಡು ಪ್ರಾಣವನ್ನರ್ಪಿಸಲು ಹೊರಟರು. ರೋಡಿನ್ ಅವರ ಕೈಕಾಲುಗಳನ್ನು ಬೇಕೆಂದೇ ದಪ್ಪವಾಗಿಸಿದನು. ಹೆಜ್ಜೆಯ ಭಾರ ಮನಸ್ಸಿನ ಭಾರವಾಗಿ ಕಾಣಲೆಂಬುದು ಅವನ ಉದ್ದೇಶ. ಪ್ರತಿಮೆಗಳು ನೆಲದ ಮಟ್ಟದಲ್ಲಿಯೇ, ಜನರ ನಡುವೆ ನಿಲ್ಲಬೇಕೆಂದು ಅವನು ಬಯಸಿದನು. ಆದರೆ 1895ರಲ್ಲಿ ಅವುಗಳನ್ನು ಪೀಠದ ಮೇಲೆ ನಿಲ್ಲಿಸಲಾಯಿತು. ಅವು ಕೆಳಗಿಳಿದದ್ದು ಶಿಲ್ಪಿ ತೀರಿಕೊಂಡ ಮೇಲೆ, 1924ರಲ್ಲಿ.

ಪ್ರಸಿದ್ಧ ಕಾದಂಬರಿಕಾರ ಬಾಲ್ಜಾಕನ ಪ್ರತಿಮೆಯನ್ನು ರಚಿಸುವ ಹೊಣೆ 1891ರಲ್ಲಿ ಅವನ ಪಾಲಿಗೆ ಬಂದಿತು. ಬಾಲ್ಜಾಕ್ ತೀರಿಕೊಂಡು ಆಗಲೇ ನಾಲ್ಕು ದಶಕಗಳು ಕಳೆದಿದ್ದುವು. ರೋಡಿನ್ ಆ ಲೇಖಕನ ದರ್ಜಿಯನ್ನು ಹುಡುಕಿ, ಹಳೆಯ ಅಳತೆಗೆ ಸರಿಯಾಗಿ ಉಡುಪುಗಳನ್ನು ಹೊಲಿಸಿದನು. ಅಳತೆಯೆಲ್ಲ ಕೈವಶವಾದ ಬಳಿಕ ಅದನ್ನು ಬದಿಗಿಟ್ಟನು. ಕುಳ್ಳಗೆ ದಪ್ಪಗಿದ್ದ ಆ ಲೇಖಕನು, ನಿಲುವಂಗಿ ಹೊದ್ದು ತಲೆಯೆತ್ತಿ ನಿಂತ ಸುಮಾರು 270 ಸೆಂಟಿಮೀಟರ್ ಎತ್ತರದ ಬಂಡೆಯಂತಾದನು. ಅಂದು ಅತಿ ಸಹಜವಾಯಿತೆಂದು ದೂರಿದ್ದ ಲೋಕ ಇಂದು ಸಹಜವಾಗಿಲ್ಲವೆಂದು ನಕ್ಕಿತು. ಪ್ರತಿಮೆ ಮಾಡಿಸಿದ ಲೇಖಕರ ಸಂಘವೇ 1898ರಲ್ಲಿ ಅದನ್ನು ತಿರಸ್ಕರಿಸಿತು. ರೋಡಿನ್ ವಾದಕ್ಕಿಳಿಯದೆ, ಮುಂಗಡ ಹಣವನ್ನು ಹಿಂದಿರುಗಿಸಿ, ಪ್ರತಿಮೆಯನ್ನು ತನ್ನ ಮನೆಗೆ ಸಾಗಿಸಿಕೊಂಡನು. ಅದು ಕಂಚಿನ ರೂಪದಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ನಿಂತದ್ದು 1939ರಲ್ಲಿ.

1916ರಲ್ಲಿ ರೋಡಿನ್ ತನ್ನ ಕೃತಿಗಳನ್ನೆಲ್ಲ ರಾಷ್ಟ್ರಕ್ಕೆ ಅರ್ಪಿಸಿದನು. 1917ರ ನವೆಂಬರ್ 17ರಂದು ನಿಧನನಾದನು. ಅವನ ಹೆಸರಿನ ವಸ್ತುಸಂಗ್ರಹಾಲಯ 1919ರಲ್ಲಿ ತೆರೆಯಿತು. ಇದ್ದದ್ದನ್ನು ಇದ್ದಂತೆ ತೋರಿಸಲು ಬಲ್ಲ ಕೈ ದೊಡ್ಡದು; ಅದಕ್ಕೂ ದೊಡ್ಡದು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂದು ಅರಿತ ಮನಸ್ಸು. ರೋಡಿನ್‌ನಲ್ಲಿ ಅವೆರಡೂ ಕೂಡಿದ್ದುವು. ಅವನ ಸಮಾಧಿಯ ಮೇಲೆ ‘ಚಿಂತಕ’ನು ಗಲ್ಲಕ್ಕೆ ಕೈಯೂರಿ ಇಂದಿಗೂ ಕುಳಿತಿದ್ದಾನೆ.